ಆಡನ್ನು ಹೊರಗಟ್ಟಿದರೆ ಮನೆ ದೊಡ್ಡದಾಗುವುದಿಲ್ಲ

ಮಕ್ಕಳ ಕಥೆಯ ಕೊನೆಗೆ ಒಂದು ನೀತಿಯನ್ನು ಅಂಟಿಸದಿದ್ದರೆ ನಮ್ಮ ಹಿರಿಯರಿಗೆ ಸಮಾಧಾನವಿಲ್ಲ. ಈ ಚಾಳಿಗೆ ಬಲಿಯಾದ ಕಥೆಗಳಲ್ಲಿ ಯಿಡ್ಡಿಶ್ ಭಾಷೆಯ ಜನಪದ ಕಥೆಯೂ ಒಂದು. ಅಮೆರಿಕದ ಚಿತ್ರಕಲಾವಿದೆ ಮಾರ್ಗೋ ಝೆಮಾಕ್ 1976ರಲ್ಲಿ ಅದನ್ನು ‘ಇಟ್ ಕುಡ್ ಆಲ್ವೇಸ್ ಬಿ ವರ್ಸ್’ ಎಂಬ ಚಿತ್ರಪುಸ್ತಕವಾಗಿ ತಂದರು. ಇದಕ್ಕಿಂತಲೂ ಕಷ್ಟ ಬರಬಹುದಿತ್ತು ಎಂಬುದು ಅದರ ಅರ್ಥ. 1978ರಲ್ಲಿ ಅದಕ್ಕೆ ಕ್ಯಾಲ್ಡೆಕಾಟ್ ಆನರ್ ಮನ್ನಣೆ ಸಿಕ್ಕಿತು.

ಕಥೆ ಚಿಕ್ಕದು. ಒಂದೇ ಕೋಣೆಯ ಗುಡಿಸಲು. ಅದರಲ್ಲಿ ಒಬ್ಬ ಬಡವ, ಅವನ ತಾಯಿ, ಹೆಂಡತಿ ಮತ್ತು ಆರು ಮಕ್ಕಳು. ಗದ್ದಲ, ಜಗಳ ತಾಳಲಾರದೆ ಅವನು ಯೆಹೂದಿ ಧರ್ಮಗುರುಗಳಾದ ರಬ್ಬಿಯ ಬಳಿಗೆ ಓಡುತ್ತಾನೆ. ಕೋಳಿ, ಹುಂಜ, ಹೆಬ್ಬಾತುಗಳನ್ನು ಮನೆಯೊಳಗೆ ಕರೆದುಕೋ ಎನ್ನುತ್ತಾರೆ ರಬ್ಬಿ. ಆಮೇಲೆ ಆಡು. ಅದಾದ ಮೇಲೆ ಹಸು. ಬಡವನಿಗೆ ಹುಚ್ಚು ಹಿಡಿಯುವಂತಾದಾಗ ಎಲ್ಲವನ್ನೂ ಹೊರಗೆ ಬಿಡು ಎನ್ನುತ್ತಾರೆ. ಆ ರಾತ್ರಿ ಮನೆಮಂದಿಯೆಲ್ಲ ಸುಖವಾಗಿ ನಿದ್ರಿಸುತ್ತಾರೆ. ಬಡವ ಮತ್ತೆ ಓಡಿಬಂದು ರಬ್ಬಿಗೆ ಉಪಕಾರ ಸ್ಮರಿಸುತ್ತಾನೆ.

‘ಇದ್ದುದರಲ್ಲೇ ತೃಪ್ತಿಪಡು’ ಎಂಬ ನೀತಿಯನ್ನು ಈ ಕಥೆಯಿಂದ ತೆಗೆಯುವುದು ವಾಡಿಕೆ. ನಮ್ಮ ತಕರಾರಿರುವುದು ಆ ನೀತಿಯ ಬಗ್ಗೆ. ಅಷ್ಟಕ್ಕೂ ಆ ಗುಡಿಸಲು ಒಂದು ಗೇಣಾದರೂ ಅಗಲವಾಯಿತೇ? ಮೊದಲ ಪುಟದಲ್ಲಿ ಒಂಬತ್ತು ಜನ, ಕೊನೆಯ ಪುಟದಲ್ಲೂ ಅದೇ ಒಂಬತ್ತು ಜನ, ಅದೇ ಒಂದು ಕೋಣೆ.

ಯಿಡ್ಡಿಶ್ ಪೂರ್ವ ಯುರೋಪಿನ ಯೆಹೂದಿ ಜನಸಾಮಾನ್ಯರ ಮನೆಮಾತಾಗಿತ್ತು. ಜರ್ಮನ್ ಬಳಗದ ಭಾಷೆ, ಹೀಬ್ರೂ ಲಿಪಿ. ಉರ್ದು ಓದಿದ ನಮ್ಮಂಥವರಿಗೆ ಬಲದಿಂದ ಎಡಕ್ಕೆ ಸಾಗುವ ಆ ಸಾಲುಗಳು ತೀರಾ ಅಪರಿಚಿತವೆನಿಸುವುದಿಲ್ಲ. ಆ ಜನರ ಇಕ್ಕಟ್ಟಿಗೆ ಹಣೆಬರಹವನ್ನು ದೂರುವಂತಿಲ್ಲ. ರಷ್ಯಾದ ಝಾರ್ ಆಡಳಿತ 1791ರಿಂದ ಯೆಹೂದಿಗಳ ವಾಸವನ್ನು ಸಾಮ್ರಾಜ್ಯದ ಪಶ್ಚಿಮ ಪ್ರಾಂತ್ಯಗಳಿಗೆ ಸೀಮಿತಗೊಳಿಸುತ್ತ ಬಂತು. 1882ರ ‘ಮೇ ಕಾನೂನು’ಗಳು ಆ ಗಡಿಯೊಳಗೂ ಹಳ್ಳಿಗಳಲ್ಲಿ ಹೊಸದಾಗಿ ನೆಲೆಸದಂತೆ, ಜಮೀನು ಕೊಳ್ಳದಂತೆ ಅವರನ್ನು ತಡೆದವು. ಸಣ್ಣ ಪೇಟೆಗಳು ಕಿಕ್ಕಿರಿದವು. 1897ರ ಜನಗಣತಿಯ ಹೊತ್ತಿಗೆ ಸುಮಾರು 50 ಲಕ್ಷ ಯೆಹೂದಿಗಳು ಆ ಗಡಿಯೊಳಗಿದ್ದರು. ಈ ಕಟ್ಟಳೆ ರದ್ದಾಗಲು 1917ರ ಕ್ರಾಂತಿಯೇ ಬರಬೇಕಾಯಿತು. ಜನಪದ ಕಥೆಗೆ ಇಸವಿಯ ಹಂಗಿಲ್ಲ, ನಿಜ. ಆದರೆ ಅದನ್ನು ತಲೆಮಾರುಗಳ ಕಾಲ ಹೇಳಿಕೊಂಡು ನಕ್ಕವರು ಇಂಥ ಇಕ್ಕಟ್ಟನ್ನು ಉಂಡವರು.

ಮಕ್ಕಳ ಕಥೆಯಲ್ಲಿ ರಾಜಕೀಯವೇಕೆ, ನಕ್ಕು ಸುಮ್ಮನಾಗಬಾರದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ನಗೋಣ. ಝೆಮಾಕ್‌ರ ಚಿತ್ರಗಳೂ ನಗಿಸುತ್ತವೆ, ಆದರೆ ಬಡತನವನ್ನು ಅಂದಗೊಳಿಸುವುದಿಲ್ಲ. ಆ ನಗುವಿನ ಬಾಲಕ್ಕೆ ತೃಪ್ತಿಯ ಪಾಠ ಕಟ್ಟಿದವರೇ ಮೊದಲು ರಾಜಕೀಯ ಮಾಡಿದವರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗುಡಿಸಲನ್ನು ದೊಡ್ಡದು ಮಾಡುವ ಅಧಿಕಾರ ರಬ್ಬಿಗೆ ಇರಲಿಲ್ಲ. ಅಂಥ ಕಾನೂನುಗಳಡಿ ಅವರೂ ಬಾಳಬೇಕಾದವರೇ. ತನ್ನಂಥ ಇನ್ನೊಬ್ಬನಿಗೆ ಅವರು ಕೊಡಬಹುದಾಗಿದ್ದುದು ಒಂದು ರಾತ್ರಿಯ ನಿದ್ದೆ. ಅದನ್ನು ಕೊಟ್ಟರು. ಅಧಿಕಾರವುಳ್ಳವರು ಇದೇ ಕಥೆ ಹೇಳತೊಡಗಿದರೆ ಅದರ ಅರ್ಥವೇ ಬೇರೆ. ಬಾಡಿಗೆ ಏರಿಸುವ ಮನೆಮಾಲೀಕ, ಕೂಲಿ ಹೆಚ್ಚಿಸದ ಧಣಿ, ಹತ್ತು ರೂಪಾಯಿ ಏರಿಸಿ ಎರಡು ರೂಪಾಯಿ ಇಳಿಸುವ ಸರಕಾರ, ಇವರೆಲ್ಲ ಬಡವರ ಮನೆಯೊಳಗೆ ಆಡು ನುಗ್ಗಿಸುವವರು. ಅದನ್ನು ಹೊರಗೆ ಎಳೆದ ದಿನ ಕೈಮುಗಿಯಬೇಕೆಂದು ಬಯಸುವವರೂ ಇವರೇ. ಹೊಟ್ಟೆ ತುಂಬಿದವರು ಹಸಿದವರಿಗೆ ಸಬರ್ ಬೋಧಿಸುವುದನ್ನು ನಾವು ನಮ್ಮ ನಡುವೆಯೂ ಬೇಕಾದಷ್ಟು ಕೇಳಿದ್ದೇವೆ. ಸಹನೆ ದೊಡ್ಡ ಗುಣವೇ ಸರಿ. ಅದನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಸುವುದು ಅನ್ಯಾಯ.

ಆದ್ದರಿಂದ ತಂದೆತಾಯಿಗಳಲ್ಲಿ, ಶಿಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಈ ಕಥೆಯನ್ನು ಮಕ್ಕಳಿಗೆ ಅವಶ್ಯ ಹೇಳಿ. ಕೊನೆಯಲ್ಲಿ ‘ಇದರಿಂದ ತಿಳಿಯುವ ನೀತಿ ಏನು?’ ಎಂದು ಮಾತ್ರ ಕೇಳಬೇಡಿ. ‘ಒಂಬತ್ತು ಜನರಿಗೆ ಒಂದೇ ಕೋಣೆ ಯಾಕೆ?’ ಎಂದು ಮಗುವೇ ಕೇಳಿದರೆ ಗದರಿಸಬೇಡಿ. ಕೂತು ಉತ್ತರ ಹೇಳಿ.