‘ಸ್ವಯಂ ಶುಚಿ’ ಲೇಪನ: ಭರವಸೆಗೂ ಒಂದು ಲೆಕ್ಕವಿದೆ

ಗಾಜು, ಹೆಂಚು ಹಾಗೂ ಬಣ್ಣಗಳ ವ್ಯಾಪಾರದಲ್ಲಿ ‘ತಾನಾಗಿಯೇ ಶುಚಿಯಾಗುವ ಲೇಪನ’ ಎಂಬುದು ಆಕರ್ಷಕ ಮಾತು. ಇದು ಪೊಳ್ಳು ಪ್ರಚಾರವಲ್ಲ. ಇದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಆದರೆ ವಿಜ್ಞಾನವು ಷರತ್ತುಗಳೊಡನೆ ಹೇಳಿದ್ದನ್ನು ವ್ಯಾಪಾರಿಯು ಷರತ್ತಿಲ್ಲದೆ ಮಾರಿದರೆ, ನಷ್ಟದ ಹೊಣೆಯು ಅವನ ಮೇಲೆಯೇ ಬೀಳುತ್ತದೆ.

ಬೆಳಕು ಬಿದ್ದಾಗ ಟೈಟಾನಿಯಂ ಡೈಆಕ್ಸೈಡ್ ನೀರನ್ನು ವಿಭಜಿಸಬಲ್ಲುದೆಂದು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಈ ವಸ್ತುವಿನ ತೆಳು ಲೇಪನವು ಎರಡು ಕೆಲಸಗಳನ್ನು ಮಾಡುತ್ತದೆ. ಮೇಲೆ ಕುಳಿತ ಜಿಡ್ಡು, ಹೊಗೆ ಮೊದಲಾದ ಸಾವಯವ ಕೊಳೆಯನ್ನು ಬೆಳಕಿನ ನೆರವಿನಿಂದ ಒಡೆಯುತ್ತದೆ. ನೀರು ಹನಿಗಟ್ಟದೆ ಹಾಳೆಯಂತೆ ಹರಿದು ಕೊಳೆಯನ್ನು ತೊಳೆಯುವಂತೆ ಮಾಡುತ್ತದೆ. ಬ್ರಿಟನ್ನಿನ ಪಿಲ್ಕಿಂಗ್ಟನ್ ಸಂಸ್ಥೆಯು 2001ರಲ್ಲಿ ಇಂತಹ ‘ಆಕ್ಟಿವ್’ ಗಾಜನ್ನು ಮಾರುಕಟ್ಟೆಗೆ ತಂದಿತು. 2003ರಲ್ಲಿ ಪೂರ್ಣಗೊಂಡ ರೋಮ್ ನಗರದ ಜ್ಯೂಬಿಲಿ ಚರ್ಚಿನ ಬಿಳಿಯ ಕಾಂಕ್ರೀಟಿನಲ್ಲಿಯೂ ಇದೇ ತತ್ವದ ಸಿಮೆಂಟನ್ನು ಬಳಸಲಾಯಿತು.

ಷರತ್ತುಗಳು ಇಲ್ಲಿಂದ ಆರಂಭವಾಗುತ್ತವೆ. ಸಾಮಾನ್ಯ ಟೈಟಾನಿಯಂ ಡೈಆಕ್ಸೈಡಿಗೆ ಅತಿನೇರಳೆ ಕಿರಣಗಳು ಬೇಕು. ಕಟ್ಟಡದ ಒಳಗಿನ ಎಲ್‌ಇಡಿ ದೀಪಗಳಲ್ಲಿ ಅವು ಇಲ್ಲವೆನ್ನುವಷ್ಟು ಅಲ್ಪ. ಮಣ್ಣಿನ ಧೂಳನ್ನಾಗಲಿ, ಗಡಸು ನೀರಿನ ಬಿಳಿ ಕಲೆಯನ್ನಾಗಲಿ ಈ ಲೇಪನವು ಒಡೆಯಲಾರದು. ಧೂಳು ಹೋಗಲು ಮಳೆ ಬರಬೇಕು, ಇಲ್ಲವೇ ನೀರು ಹಾಯಿಸಬೇಕು. ತಿಂಗಳುಗಟ್ಟಲೆ ಮಳೆ ಕಾಣದ ಬಯಲುಸೀಮೆಯಲ್ಲಿ ಈ ಅಂಶವನ್ನು ಕಡೆಗಣಿಸುವಂತಿಲ್ಲ. ಬಣ್ಣ ತಯಾರಿಸುವವರಿಗೆ ಮತ್ತೊಂದು ಎಚ್ಚರಿಕೆ: ಕೊಳೆಯನ್ನು ತಿನ್ನುವ ವೇಗವರ್ಧಕವು ಬಣ್ಣದೊಳಗಿನ ಸಾವಯವ ಅಂಟನ್ನೂ ತಿನ್ನಬಲ್ಲುದು. ಆದ್ದರಿಂದಲೇ ಸಿಲಿಕೇಟಿನಂತಹ ನಿರವಯವ ಅಂಟುಗಳಿಗೆ ಆದ್ಯತೆ.

ಇವನ್ನೆಲ್ಲ ಮರೆತು ‘ಐದು ವರ್ಷ ತೊಳೆಯಬೇಕಾಗಿಲ್ಲ’ ಎಂದು ಬರೆದುಕೊಟ್ಟರೆ, ಅದು ಜಾಹೀರಾತಿನ ಮಾತಾಗಿ ಉಳಿಯದೆ ಲೆಕ್ಕಪುಸ್ತಕದ ಹೊಣೆಯಾಗುತ್ತದೆ. ಮಾರಾಟದೊಡನೆ ನೀಡಿದ ವಾರಂಟಿಯಿಂದ ವೆಚ್ಚ ಬರುವ ಸಂಭವವಿದ್ದು ಅದನ್ನು ಅಂದಾಜಿಸಲು ಸಾಧ್ಯವಿದ್ದರೆ, ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಅದಕ್ಕೆ ಅವಕಾಶ ಕಲ್ಪಿಸಬೇಕು. ಈ ಮೊತ್ತವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ. ದಾರಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ ಎಂಬುದೂ ನೆನಪಿರಲಿ.

ವಿತರಣೆಯ ಹಕ್ಕು ಪಡೆಯುವ ಮುನ್ನ ಸರಬರಾಜುದಾರರಿಂದ ಐಎಸ್‌ಒ 27448 ವಿಧಾನದ ಪರೀಕ್ಷಾ ವರದಿಯನ್ನು ಕೇಳಿ ಪಡೆಯುವುದು ಕ್ಷೇಮ. ಬೆಳಕು, ನೀರು ಮತ್ತು ಬಳಕೆಯ ಸ್ಥಳದ ಷರತ್ತುಗಳನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕು. ಒಂದು ಗೋಡೆಗೆ ಲೇಪಿಸಿ, ಪಕ್ಕದ ಗೋಡೆಯನ್ನು ಹಾಗೆಯೇ ಬಿಟ್ಟು, ಒಂದು ವರ್ಷ ಎರಡರ ಶುಚಿತ್ವದ ಖರ್ಚನ್ನೂ ಬರೆದಿಡುವುದು ಇನ್ನೂ ಉತ್ತಮ. ತೊಳೆಯುವ ಖರ್ಚು ಕಡಿಮೆಯಾಗುತ್ತದೆ ಎಂಬುದು ಮಾರಬಹುದಾದ ಸತ್ಯ. ತೊಳೆಯುವುದೇ ಬೇಡ ಎಂಬುದು ತೀರಿಸಲಾಗದ ಸಾಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಈ ಬಿಳಿಯ ಪುಡಿಗೂ ಸಲ್ಲುತ್ತದೆ.