ಆಕಾಶದ ಕಣ್ಣು, ನೆಲದ ಗೋಳು

ಊರಿಗೆ ನೆರೆ ಬಂದರೆ ಹಾನಿ ಎಷ್ಟೆಂದು ಬರೆದುಕೊಳ್ಳಲು ಹಿಂದೆ ಶಾನುಭೋಗರು ಬರುತ್ತಿದ್ದರು. ಇಂದು ದೊಡ್ಡ ಚಂಡಮಾರುತ ಬೀಸಿಹೋದ ಮೇಲೆ ಮೊದಲ ಲೆಕ್ಕ ಬರೆಯುವುದು ವಿಮಾನ ಮತ್ತು ಉಪಗ್ರಹಗಳು. ಇದು ಒಳ್ಳೆಯದೇ. ರಸ್ತೆ ಕೊಚ್ಚಿಹೋಗಿ, ಸೇತುವೆ ಕುಸಿದು, ಟೆಲಿಫೋನು ಕೆಟ್ಟು ಕುಳಿತ ಊರಿನ ಸುದ್ದಿ ಆಕಾಶಮಾರ್ಗವಾಗಿಯೇ ಬೇಗ ಬರಬೇಕು. ಆದರೆ ಆ ಚಿತ್ರ ಯಾರ ಕೈ ಸೇರುತ್ತದೆ, ಅದರಲ್ಲಿ ಕಾಣದೆ ಉಳಿದವರ ಗತಿ ಏನು ಎಂಬುದನ್ನು ದುಡಿದು ತಿನ್ನುವ ಜನ ಕೇಳಲೇಬೇಕು.

ಕೆಲಸದ ರೀತಿ ಸರಳವಾದುದು. ಬಿರುಗಾಳಿಗೆ ಮುಂಚೆ ತೆಗೆದ ಚಿತ್ರ ಒಂದು, ಅನಂತರ ತೆಗೆದದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾವ ಮನೆಯ ಸೂರು ಹಾರಿದೆ, ಯಾವ ಬೀದಿಯಲ್ಲಿ ನೀರು ನಿಂತಿದೆ ಎಂದು ಗುರುತಿಸುತ್ತಾರೆ. ಮೋಡ ಕವಿದರೆ ಉಪಗ್ರಹದ ಸಾಧಾರಣ ಕ್ಯಾಮೆರಾ ಕುರುಡು. ಆಗ ಮೋಡವನ್ನು ತೂರಿ ನೋಡಬಲ್ಲ ರಾಡಾರ್ ಉಪಗ್ರಹ ಬೇಕು. ವಿಮಾನವಾದರೆ ಮೋಡದ ಕೆಳಗೇ ಹಾರಿ ಇನ್ನೂ ಸ್ಪಷ್ಟವಾದ ಚಿತ್ರ ತರಬಲ್ಲುದು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ನೂರಕ್ಕೆ ಸುಮಾರು 80 ಪಾಲು ನೀರುಪಾಲಾಯಿತು. ಮರುದಿನದಿಂದಲೇ ಅಲ್ಲಿನ ಸರ್ಕಾರದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ವಿಮಾನಗಳು ಚಿತ್ರ ತೆಗೆಯಲಾರಂಭಿಸಿದವು. ಆ ಚಿತ್ರಗಳನ್ನು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಡಲಿಲ್ಲ. ಅಂತರಜಾಲದಲ್ಲಿ ಎಲ್ಲರ ಮುಂದೆ ಇಟ್ಟರು. ಮನೆ ಬಿಟ್ಟು ದೂರ ಹೋಗಿದ್ದ ಜನ ತಮ್ಮ ಬೀದಿಯನ್ನು ತಾವೇ ಹುಡುಕಿ ನೋಡಿಕೊಂಡರು. ಇದು ನ್ಯಾಯವಾದ ಪದ್ಧತಿ. ಜನರ ಹಣದಿಂದ ತೆಗೆದ ಚಿತ್ರ ಜನರದೇ.

ಆದರೆ ನೀರು ಇಳಿದ ಮೇಲೆ ಮೇಲಿನಿಂದ ನೋಡಿದರೆ ಸೂರು ಇದ್ದಂತೆಯೇ ಇರುತ್ತದೆ. ಒಳಗೆ ಹಾಸಿಗೆ ಕೊಳೆತಿರುತ್ತದೆ, ಗೋಡೆಗೆ ಬೂಷ್ಟು ಹಿಡಿದಿರುತ್ತದೆ, ಅಂಗಡಿಯವನು ಸಾಲ ಮಾಡಿ ತಂದ ಮೂಟೆಗಳು ಹಾಳಾಗಿರುತ್ತವೆ. ಇದನ್ನು ಯಾವ ಉಪಗ್ರಹ ಕಂಡೀತು?

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಮೆರಿಕದ ಆಳ್ವಿಕೆಗೆ ಸೇರಿದ ಪೋರ್ಟೊ ರಿಕೊ ದ್ವೀಪವನ್ನು ಹೊಕ್ಕಿತು. ದ್ವೀಪವಿಡೀ ಕತ್ತಲಾಯಿತು. ಉಪಗ್ರಹಕ್ಕೆ ರಾತ್ರಿ ಕಂಡ ದೀಪಗಳನ್ನು ನಾಸಾ ವಿಜ್ಞಾನಿಗಳು ತಿಂಗಳುಗಟ್ಟಲೆ ಅಳೆದರು. ನಗರಗಳಲ್ಲಿ ಬೆಳಕು ಬೇಗ ಮರಳಿತ್ತು. ಬಹುಕಾಲ ಕತ್ತಲಲ್ಲೇ ಉಳಿದವು ಹೆಚ್ಚಾಗಿ ಹಳ್ಳಿಗಳು. ಎಲ್ಲರಿಗೂ ವಿದ್ಯುತ್ ತಲುಪಲು ಸುಮಾರು 11 ತಿಂಗಳು ಹಿಡಿಯಿತು. ಇಲ್ಲಿ ಉಪಗ್ರಹ ಬಡವರ ಪರವಾಗಿ ಸಾಕ್ಷಿ ನುಡಿಯಿತು.

ಸತ್ತವರ ವಿಷಯದಲ್ಲಿ ಮಾತ್ರ ಅದು ಮೂಕ. ಅಲ್ಲಿನ ಸರ್ಕಾರ ಮೊದಲು ಒಪ್ಪಿಕೊಂಡ ಸಾವು 64. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು ಐದಾರು ತಿಂಗಳ ಮರಣಪತ್ರಗಳನ್ನು ಪರಿಶೀಲಿಸಿದ ಮೇಲೆ, 2018ರ ಆಗಸ್ಟಿನಲ್ಲಿ ಅದೇ ಸರ್ಕಾರ 2,975 ಎಂದು ತಿದ್ದಿಕೊಂಡಿತು. ಬಡ ಊರುಗಳಿಗೂ ಮುದುಕರಿಗೂ ಅಪಾಯ ಹೆಚ್ಚಾಗಿತ್ತೆಂದು ಆ ವರದಿ ಹೇಳಿತು. ಗಾಳಿ ನಿಂತ ಎಷ್ಟೋ ದಿನಗಳ ಮೇಲೆ ಬಂದ ಈ ಸಾವುಗಳು ಯಾವ ಚಿತ್ರದಲ್ಲೂ ಮೂಡಿರಲಿಲ್ಲ.

ಇನ್ನು ಪರಿಹಾರದ ಕಥೆ. ಕಿತ್ತುಹೋದ ಸೂರು ಆಕಾಶದಿಂದ ಕಾಣುತ್ತಿತ್ತು. ಅದರ ಮೇಲೆ ಹೊದಿಸಿದ ನೀಲಿ ಟಾರ್ಪಾಲೂ ಕಾಣುತ್ತಿತ್ತು. ಆದರೂ ತಲೆಮಾರುಗಳಿಂದ ಅದೇ ಮನೆಯಲ್ಲಿದ್ದ ಸಾವಿರಾರು ಸಂಸಾರಗಳಿಗೆ, ಮನೆಯ ಪತ್ರವಿಲ್ಲವೆಂಬ ಕಾರಣಕ್ಕೆ ಕೇಂದ್ರ ಪರಿಹಾರ ಸಂಸ್ಥೆ ನೆರವು ನಿರಾಕರಿಸಿತು. ಆ ನಿಯಮ ಸಡಿಲವಾದದ್ದು 2021ರಲ್ಲಿ. ಪತ್ರವಿಲ್ಲದ ಮನೆಯ ಮೇಲೆ ಬಿರುಗಾಳಿ ಬೀಸುವುದಿಲ್ಲವೆ?

ಇದು ದೂರದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಅನಾಹುತ ನಡೆದ ದೇಶಕ್ಕೆ ಉಪಗ್ರಹಚಿತ್ರ ಒದಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನಮ್ಮ ಇಸ್ರೋ ಸಂಸ್ಥೆಯೂ 2001ರಲ್ಲಿ ಸೇರಿದೆ. ಆಕಾಶದ ಕಣ್ಣು ನಮಗೂ ಇದೆ. ಆದ್ದರಿಂದ ಮೂರು ಮಾತು ಖಚಿತವಾಗಬೇಕು. ತೆಗೆದ ಚಿತ್ರ ಕೂಡಲೇ ಜನರ ಕಣ್ಣಿಗೆ ಬೀಳಬೇಕು. ಚಿತ್ರದಲ್ಲಿ ಹಾನಿ ಕಾಣಲಿಲ್ಲವೆಂದು ಯಾರ ಅರ್ಜಿಯನ್ನೂ ತಳ್ಳಿಹಾಕಕೂಡದು. ಅಧಿಕಾರಿ ಬಾಗಿಲಿಗೆ ಬಂದು, ಒಳಹೊಕ್ಕು ನೋಡಿ ಪಂಚನಾಮೆ ಬರೆಯಬೇಕು. ಮನೆಯ ಪತ್ರವಿಲ್ಲದವರ ಪರವಾಗಿ ನೆರೆಹೊರೆಯವರ ಮಾತು ಸಾಕ್ಷಿಯಾಗಿ ನಡೆಯಬೇಕು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಉಪಗ್ರಹ ಒಳ್ಳೆಯ ಸಾಕ್ಷಿದಾರ. ಅದನ್ನೇ ನ್ಯಾಯಾಧೀಶನನ್ನಾಗಿ ಕೂರಿಸುವುದು ಬೇಡ. ತೀರ್ಪು ಬರೆಯುವವರು ನೆಲಕ್ಕಿಳಿದು, ಕೆಸರು ತುಳಿದು ಬರಲಿ.