ಕಂಠಪಾಠ, ಕರಿಹಲಗೆ ಮತ್ತು ಸಂಬಳವಿಲ್ಲದ ಅಧ್ಯಾಪಿಕೆ

ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ಪ್ರಸ್ತಾಪ ಬಂದೊಡನೆ ಬೆತ್ತ ಹಿಡಿದ ಸನ್ಯಾಸಿನಿಯೊಬ್ಬಳು, ಗಿಳಿಪಾಠ ಒಪ್ಪಿಸುವ ಮಗುವೊಂದು ಕೇಳುಗರ ಕಣ್ಣ ಮುಂದೆ ಬಂದು ನಿಲ್ಲುವುದುಂಟು. ಚಿತ್ರವು ಸುಳ್ಳಲ್ಲ, ಆದರೆ ಅರೆಯಾದುದು. ನಾಲ್ಕನೆಯ ತರಗತಿಯಿಂದ ಎಂಟನೆಯದರವರೆಗಿನ ವರ್ಷಗಳಲ್ಲಿ ಆ ಮಕ್ಕಳು ಕಲಿತದ್ದೇನು, ಕಲಿಯುತ್ತಿರುವುದೇನು ಎಂಬುದನ್ನು ಅಧ್ಯಾಪಕರೂ ದಾನಿಗಳೂ ಕೂಡಿಯೇ ವಿವೇಚಿಸತಕ್ಕದ್ದು.

1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸೇರಿದ ಬಿಷಪ್ಪರ ಮಹಾಸಭೆಯು ಪ್ರತಿಯೊಂದು ಚರ್ಚಿನ ಬಳಿಯೂ ಶಾಲೆಯಿರಬೇಕೆಂದು ವಿಧಿಸಿತು. ಮರುವರ್ಷವೇ ಹೊರಬಂದ ಬಾಲ್ಟಿಮೋರ್ ಧರ್ಮಪ್ರಶ್ನೋತ್ತರಿಯಲ್ಲಿ 421 ಪ್ರಶ್ನೆಗಳಿದ್ದವು. ಪ್ರತಿಯೊಂದಕ್ಕೂ ಸಿದ್ಧವಾದ ಉತ್ತರವಿತ್ತು. ಮುಂದಿನ ಮುಕ್ಕಾಲು ಶತಮಾನ ಕಾಲ ಮಕ್ಕಳು ಇದನ್ನು ಅಕ್ಷರಶಃ ಬಾಯಿಗೆ ತಂದುಕೊಂಡರು. ಹತ್ತು ಹನ್ನೊಂದರ ವಯಸ್ಸು ಬಾಲಕನು ತನ್ನದೇ ಆದ ಪ್ರಶ್ನೆಗಳನ್ನು ಹುಟ್ಟಿಸಿಕೊಳ್ಳುವ ವಯಸ್ಸು. ಆಗಲೇ ಪ್ರಶ್ನೆಯನ್ನೂ ಉತ್ತರವನ್ನೂ ಗುರುವೇ ಕೊಟ್ಟುಬಿಟ್ಟರೆ ಶಿಷ್ಯನಿಗೆ ಉಳಿಯುವ ಕೆಲಸವೇನು? ಆಕ್ಷೇಪವು ನ್ಯಾಯವಾದುದೇ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಪ್ರಶ್ನೋತ್ತರಿಯು ಬಹುಮಟ್ಟಿಗೆ ಮೂಲೆ ಸೇರಿತು. ಆದರೆ ಅದರೊಡನೆ ಕಂಠಪಾಠವನ್ನೇ ಹೊರಹಾಕಿದ್ದು ಅವಸರದ ಕೆಲಸ. ಬಾಲ್ಯದಲ್ಲಿ ಅರ್ಥವಾಗದೆ ಧರಿಸಿದ ಮಾತು ನಲವತ್ತರಲ್ಲಿ ತಾನಾಗಿ ತೆರೆದುಕೊಳ್ಳುವುದನ್ನು ಅಮರಕೋಶವನ್ನು ಬಾಯಿಪಾಠ ಮಾಡಿದ ಯಾರೂ ಅಲ್ಲಗಳೆಯಲಾರರು.

ಆ ಶಾಲೆಗಳ ನಿಜವಾದ ಹಿರಿಮೆ ಪ್ರಾಯಶಃ ಧರ್ಮಬೋಧೆಯಲ್ಲಿರದೆ ವ್ಯಾಕರಣದಲ್ಲಿತ್ತು. 1877ರಲ್ಲಿ ಬ್ರೂಕ್ಲಿನ್ನಿನ ರೀಡ್ ಮತ್ತು ಕೆಲಾಗ್ ಎಂಬಿಬ್ಬರು ಅಧ್ಯಾಪಕರು ವಾಕ್ಯವನ್ನು ಚಿತ್ರವಾಗಿ ಬರೆಯುವ ಒಂದು ಕ್ರಮವನ್ನು ಪ್ರಚುರಪಡಿಸಿದರು. ಅಡ್ಡಗೆರೆಯೊಂದರ ಮೇಲೆ ಮೊದಲು ಕರ್ತೃ. ಅದನ್ನು ಸೀಳಿ ಇಳಿಯುವ ನೆಟ್ಟಗೆರೆಯ ಆಚೆ ಕ್ರಿಯಾಪದ. ಅಡ್ಡಗೆರೆಯನ್ನು ಮುಟ್ಟಿಯೂ ಸೀಳದೆ ನಿಲ್ಲುವ ಇನ್ನೊಂದು ಗೆರೆಯ ಆಚೆ ಕರ್ಮ. ವಿಶೇಷಣಗಳೆಲ್ಲ ಕೆಳಗಿನ ಓರೆಗೆರೆಗಳಲ್ಲಿ. ಸರಕಾರಿ ಶಾಲೆಗಳಲ್ಲಿ ಈ ಅಭ್ಯಾಸವು ಸಡಿಲವಾದ ಮೇಲೂ ಸನ್ಯಾಸಿನಿಯರು ಅದನ್ನು ಬಿಡಲಿಲ್ಲ. ಆರನೆಯ ತರಗತಿಯಲ್ಲಿ ಹೀಗೆ ವಾಕ್ಯ ಬಿಡಿಸಲು ಕಲಿತ ಕಿಟ್ಟಿ ಬರ್ನ್ಸ್ ಫ್ಲೋರಿ ಎಂಬ ಲೇಖಕಿ 2006ರಲ್ಲಿ ಈ ವಿದ್ಯೆಯನ್ನೇ ಕುರಿತು ಒಂದು ಗ್ರಂಥವನ್ನು ಬರೆದು, ತನ್ನ ಅಧ್ಯಾಪಿಕೆಯ ಹೆಸರನ್ನೂ ಆಕೆ ಹಲಗೆಯ ಮೇಲೆ ಬಿಡಿಸಿದ ಬೊಗಳುವ ನಾಯಿಯನ್ನೂ ಶೀರ್ಷಿಕೆಯಲ್ಲೇ ಇರಿಸಿದಳು. ಪದಚ್ಛೇದ, ಅನ್ವಯಗಳಲ್ಲಿ ಪಳಗಿದ ಕನ್ನಡ ಪಂಡಿತರಿಗೆ ಇದು ದೂರದ ವಿದ್ಯೆಯೆನಿಸದು. ಯಾವ ಪದ ಯಾವುದಕ್ಕೆ ಅಂಟಿಕೊಂಡಿದೆಯೆಂದು ತೋರಿಸಲಾರದವನು ಆ ವಾಕ್ಯವನ್ನು ಓದಿದ್ದಾನೆನ್ನಲಾಗದು. ಇದರಿಂದ ಬರವಣಿಗೆ ಸುಧಾರಿಸದೆಂದು ವಾದಿಸುವ ಶಿಕ್ಷಣತಜ್ಞರಿದ್ದಾರೆ. ಇರಲಿ, ಓದು ಸುಧಾರಿಸಿದರೆ ಸಾಲದೆ?

ಇಂದು ಹಲವು ಧರ್ಮಪ್ರಾಂತ್ಯಗಳಲ್ಲಿ ಐದನೆಯ ತರಗತಿಗೆ ಸಂಸ್ಕಾರಗಳು, ಆರನೆಯದಕ್ಕೆ ಹಳೆಯ ಒಡಂಬಡಿಕೆ ಪಾಠವಾಗಿವೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ರೋಗಿಯ ಶುಶ್ರೂಷೆ ಮೊದಲಾದ ಏಳು ಕರುಣಾಕಾರ್ಯಗಳನ್ನು ಎಣಿಸಿ ಹೇಳುವುದರ ಜೊತೆಗೆ ಅನ್ನಸತ್ರಕ್ಕೆ ಧಾನ್ಯ ಕೂಡಿಸುವ ಕೆಲಸವೂ ಮಕ್ಕಳ ಪಾಲಿಗಿದೆ. ಐವರಲ್ಲಿ ಒಬ್ಬರಷ್ಟು ಮಕ್ಕಳು ಅನ್ಯಮತದವರು. ಅವರ ಪೋಷಕರು ಬೆಲೆ ಕೊಡುವುದು ಶಿಸ್ತಿಗೆ, ವ್ಯಾಕರಣಕ್ಕೆ. ಧರ್ಮಪಾಠವನ್ನು ಅವರು ಸಹಿಸಿಕೊಳ್ಳುತ್ತಾರೆ.

ದಾನಿಗಳು ಗಮನಿಸಬೇಕಾದ ಸಂಗತಿಯೊಂದಿದೆ. 1960ರ ದಶಕದ ಮಧ್ಯಭಾಗದಲ್ಲಿ ಆ ದೇಶದ ಕ್ಯಾಥೊಲಿಕ್ ಶಾಲೆಗಳಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳಿದ್ದರು. ಈಗ ಹದಿನೇಳು ಲಕ್ಷದ ಆಸುಪಾಸು. ಮತಶ್ರದ್ಧೆ ಕುಂದಿತೆಂದು ಸುಲಭವಾಗಿ ಹೇಳಿಬಿಡುತ್ತಾರೆ. ಕುಂದಿದ್ದು ನಿಜ, ಆದರೆ ಲೆಕ್ಕದ ಪುಸ್ತಕ ಬೇರೊಂದನ್ನು ಹೇಳುತ್ತದೆ. 1965ರಲ್ಲಿ ಅಲ್ಲಿ ಸುಮಾರು 1,80,000 ಸನ್ಯಾಸಿನಿಯರಿದ್ದರು. ಇಂದು 40,000 ಮಂದಿಯೂ ಇಲ್ಲ. ಅವರಲ್ಲಿ ಬಹುಮಂದಿ ಐವತ್ತು ಮಕ್ಕಳ ಕೊಠಡಿಯಲ್ಲಿ ದಿನವೆಲ್ಲ ನಿಂತು ಪಡೆಯುತ್ತಿದ್ದದ್ದು ಊಟ, ವಸತಿ ಮತ್ತು ಸಂಬಳವೆನ್ನಲಾಗದ ಅಲ್ಪ ಗೌರವಧನ. ಶಾಲೆ ಅಗ್ಗವಾಗಿರಲಿಲ್ಲ, ಅದರ ಬೆಲೆಯನ್ನು ಆ ಹೆಂಗಸರು ತಮ್ಮ ಆಯುಷ್ಯದಿಂದ ಸದ್ದಿಲ್ಲದೆ ತೆರುತ್ತಿದ್ದರು. ಗೃಹಸ್ಥ ಅಧ್ಯಾಪಕರು ಬಂದಾಗ ಸಂಬಳದ ಪ್ರಶ್ನೆ ಎದ್ದಿತು. ಪೆನ್ಸಿಲ್ವೇನಿಯ, ರೋಡ್ ಐಲೆಂಡ್ ರಾಜ್ಯಗಳು ಅವರ ವೇತನಕ್ಕೆ ಕೊಡಹೊರಟ ನೆರವನ್ನು 1971ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನಬಾಹಿರವೆಂದಿತು. ಶುಲ್ಕ ಏರಿತು, ಬಡವರ ಮಕ್ಕಳು ಬಿಟ್ಟರು, ಕೇರಿಯ ಶಾಲೆಗಳು ಒಂದೊಂದಾಗಿ ಮುಚ್ಚಿದವು.

ಕಟ್ಟಡಕ್ಕೆ ಕಲ್ಲು ಕೊಟ್ಟವರ ಹೆಸರು ಆ ಗೋಡೆಗಳ ಮೇಲೆ ಇಂದಿಗೂ ಇದೆ. ವಾಕ್ಯವನ್ನು ಗೆರೆಯ ಮೇಲೆ ಬಿಡಿಸಿ ತೋರಿಸಿದ ಅಧ್ಯಾಪಿಕೆಯರಲ್ಲಿ ಹೆಚ್ಚಿನವರ ಹೆಸರು ಅವರ ಮಠಗಳ ಸ್ಮಶಾನಗಳಲ್ಲಿ, ಒಂದೇ ಅಳತೆಯ ಚಿಕ್ಕ ಕಲ್ಲುಗಳ ಸಾಲಿನಲ್ಲಿದೆ.